ಹೊಲಿಗೆಯೂ ಗುಳಿಗೆಯೂ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ವಯಸ್ಸಾದ ಹೆಣ್ಣುಮಕ್ಕಳ ಕಿವಿಗಳನ್ನು ನೋಡಿದರೆ ಅವರು ಬಾಳಿದ ಬಾಳು ಅರ್ಧ ತಿಳಿಯುವದು. ಮದುವೆಯ ದಿನ ಹಾಕಿದ ಬೆಂಡೋಲೆ, ಅದಕ್ಕೆ ತೂಗಬಿಟ್ಟ ಝುಮುಕಿ, ಅವುಗಳ ಭಾರವನ್ನು ನಲವತ್ತು ಐವತ್ತು ವರುಷ ಹೊತ್ತ ಮೇಲೆ ಹಾಲೆಯ ತೂತು ಮೊದಲು ಸೀಳಾಗಿ, ಸೀಳು ಉದ್ದವಾಗಿ, ಕೊನೆಗೊಂದು ದಿನ ಮೊಮ್ಮಗುವು ಎಳೆದದ್ದಕ್ಕೋ ಸೆರಗಿನ ಎಳೆ ಸಿಕ್ಕಿಕೊಂಡದ್ದಕ್ಕೋ ಪೂರ್ತಿ ಹರಿದು ಎರಡಾಗುವದು. ಹಿಂದಿನ ಕಾಲಕ್ಕೆ ಹರಿದ ಕಿವಿಯು ಹರಿದಂತೆಯೇ ಉಳಿಯುತ್ತಿತ್ತು. ಓಲೆಯನ್ನು ದಾರದಿಂದ ಕಿವಿಯ ಮೇಲ್ಭಾಗಕ್ಕೆ ಕಟ್ಟಿಕೊಂಡು ಮದುವೆ ಮುಂಜಿಗಳಿಗೆ ಹೋಗುವವರಿದ್ದರು. ಈಗ ಹಾಗಿಲ್ಲ. ಜೋಮು ಹಿಡಿಸುವ ಸೂಜಿಯೊಂದು, ಹರಿದ ಅಂಚುಗಳನ್ನು ಹಸಿಯಾಗಿ ಕತ್ತರಿಸುವದೊಂದು, ನಾಲ್ಕಾರು ಹೊಲಿಗೆ; ಅರ್ಧ ತಾಸಿನೊಳಗೆ ಕಿವಿಯು ಒಂದಾಗುವದು. ತೊಗಲಿನ ಶಸ್ತ್ರಕ್ರಿಯೆಗಳೊಳಗೆ ಇದಕ್ಕಿಂತ ಚಿಕ್ಕದು, ಇದಕ್ಕಿಂತ ಸಂತೋಷದ್ದು ಬಹುಶಃ ಇನ್ನೊಂದಿಲ್ಲ.

ಮುದುಕಿಯು ಕನ್ನಡಿ ನೋಡಿಕೊಂಡು ಸುಮ್ಮನೆ ನಗುವಳು. ಸುಮ್ಮನಿರದವನು ಮಗನು. ಡಾಕ್ಟರರ ಚೀಟಿಯನ್ನು ಹಿಂದೆ ಮುಂದೆ ತಿರುವಿ ನೋಡಿ, "ಸಾಹೇಬ್ರ, ಗುಳಿಗಿ ಬರಕೊಡಲಿಲ್ಲಲ್ರೀ?" ಎಂದು ಕೇಳುವನು. ನೋವಿಗೆ ಎರಡು ಬರೆದಿದೆ ಎಂದರೆ ಅವನಿಗೆ ಸಾಲದು. "ಹೊಲಿಗಿ ಹಾಕೀರಲ್ರೀ, ಕೀವಾದ್ರ?" ಕೀವಾಗುವ ಸಂಭವವು ಬಹಳ ಕಡಿಮೆ, ಅದಕ್ಕಾಗಿ ಪ್ರತಿಜೈವಿಕ ಔಷಧವು ಬೇಡ, ಎಂದು ಡಾಕ್ಟರರು ಹೇಳಿದರೆ ಅವನ ಮುಖವು ಸಪ್ಪಗಾಗುವದು. ಹೊರಗೆ ಬಂದವನು ಔಷಧದ ಅಂಗಡಿಯ ಕಟ್ಟೆ ಹತ್ತಿ, ತಾನೇ ಹೆಸರು ಹೇಳಿ, ಐದು ದಿನದ ಗುಳಿಗೆಯನ್ನು ಕಟ್ಟಿಸಿಕೊಂಡು ಬಸ್ಸು ಹಿಡಿಯುವನು. ಹೀಗೆ ಬೇಡಿದವನೂ ಬರೆಯದವರೂ ಇಬ್ಬರೂ ಸಜ್ಜನರೇ. ಇಬ್ಬರ ನಡುವೆ ಇರುವ ಈ ಚಿಕ್ಕ ಜಗಳವು ಮಾತ್ರ ಚಿಕ್ಕದಲ್ಲ.

ಮಗನ ಅಂಜಿಕೆಯನ್ನು ನೋಡಿ ನಗುವದು ಸುಲಭ, ನ್ಯಾಯವಲ್ಲ. ಅದು ಒಂದು ತಲೆಮಾರಿನ ಅಂಜಿಕೆಯಲ್ಲ. ಕಾಲಿಗೆ ಮುಳ್ಳು ಚುಚ್ಚಿ ಸತ್ತವರು, ಬೆನ್ನಿನ ಹುಣ್ಣು ಬಲಿತು ಸತ್ತವರು, ಹೆರಿಗೆಯ ಎಂಟನೆಯ ದಿನಕ್ಕೆ ಜ್ವರ ಬಂದು ಸತ್ತವರು ಪ್ರತಿ ಮನೆತನದ ನೆನಪಿನಲ್ಲಿಯೂ ಇದ್ದಾರೆ. ಇದು ಬಡ ದೇಶದ ಕಥೆಯಷ್ಟೇ ಎಂದು ತಿಳಿಯಬಾರದು. 1941ರಲ್ಲಿ ಇಂಗ್ಲಂಡಿನ ಆಕ್ಸಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರನೆಂಬ ಪೋಲೀಸನ ಮುಖದ ಮೇಲಿನ ಚಿಕ್ಕ ಗಾಯವು ಕೀವಾಗಿ, ಕಣ್ಣಿಗೂ ಪುಪ್ಪುಸಕ್ಕೂ ಹಬ್ಬಿತು. ಹೊಸದಾಗಿ ಸೋಸಿ ತೆಗೆದ ಪೆನಿಸಿಲಿನ್ನನ್ನು ಫೆಬ್ರುವರಿ 12ರಂದು ಅವನಿಗೆ ಕೊಡತೊಡಗಿದರು. ಜ್ವರ ಇಳಿಯಿತು, ಅನ್ನ ಸೇರಿತು. ಆದರೆ ಔಷಧವು ಜಗತ್ತಿನಲ್ಲಿಯೇ ಅಷ್ಟಿಷ್ಟೇ ಇತ್ತು. ಅವನ ಮೂತ್ರದಿಂದ ಅದನ್ನು ಮರಳಿ ತೆಗೆದು ಮತ್ತೆ ಅವನಿಗೇ ಚುಚ್ಚಿದರು, ಅದೂ ತೀರಿತು. ಮಾರ್ಚ 15ರಂದು ಅವನು ಸತ್ತನು. ಭಾರತದಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದುಸ್ತಾನ ಆ್ಯಂಟಿಬಯೋಟಿಕ್ಸ್ ಕಾರಖಾನೆಯು ಪ್ರಾರಂಭವಾದದ್ದು 1954ರಲ್ಲಿ. ಅಂದಿನ ವಿಜಾಪುರ ಜಿಲ್ಲೆಯ ಹಳ್ಳಿಗಳಿಗೆ ಆ ಸೂಜಿಯು ಬಂದು ಮುಟ್ಟಿದಾಗ ಜನರು ಅದನ್ನು ಸಂಜೀವಿನಿಯೆಂದು ಕರೆದಿದ್ದರೆ ಆಶ್ಚರ್ಯವೇನು? ಸಾಯುವವರು ಎದ್ದು ಕುಳಿತದ್ದನ್ನು ಕಣ್ಣಾರೆ ಕಂಡವರ ಮಕ್ಕಳು, ಮೊಮ್ಮಕ್ಕಳು ಇಂದು ಹೊಲಿಗೆಗೊಂದು ಗುಳಿಗೆಯನ್ನು ಬೇಡುತ್ತಿದ್ದಾರೆ.

ಆದರೂ ಆ ಸಂಜೀವಿನಿಯಿಲ್ಲದ ಕಾಲದಲ್ಲಿಯೂ ತೊಗಲನ್ನು ಕೊಯ್ದು ಹೊಲಿದು ಗುಣಪಡಿಸಿದವರಿದ್ದರೆಂಬದನ್ನು ಮರೆಯಲಾಗದು. ಹರಿದ ಕಿವಿಯ ಹಾಲೆಯನ್ನು ಕೂಡಿಸುವ 15 ಬಗೆಗಳನ್ನು ಸುಶ್ರುತಸಂಹಿತೆಯು ಹೇಳುತ್ತದೆ. ಭಾರವಾದ ಓಲೆಯನ್ನು ಹೊತ್ತ ಕಿವಿಗಳು ಅಂದಿಗೂ ಹರಿಯುತ್ತಿದ್ದವೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇನ್ನು ಕನ್ನಡ ನಾಡಿನ ಯುದ್ಧವೊಂದರಿಂದ ಹುಟ್ಟಿದ ಕಥೆಯನ್ನು ಲಂಡನ್ನಿನ ಜೆಂಟಲ್ಮನ್ಸ್ ಮ್ಯಾಗಝೀನ್ ಪತ್ರಿಕೆಯು 1794ರ ಅಕ್ಟೋಬರದಲ್ಲಿ ಚಿತ್ರಸಹಿತವಾಗಿ ಅಚ್ಚು ಹಾಕಿತು. ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸಜಿಯೆಂಬವನು 1792ರ ಯುದ್ಧದಲ್ಲಿ ಟಿಪ್ಪು ಸುಲ್ತಾನನ ಕಡೆಯವರ ಕೈಗೆ ಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ವರುಷದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಸುಡುವ ಕುಲದವನೊಬ್ಬನು ಮೇಣದಿಂದ ಮೂಗಿನ ಅಚ್ಚು ಮಾಡಿ, ಅದರ ಅಳತೆಗೆ ಹಣೆಯ ತೊಗಲನ್ನು ಬಿಡಿಸಿ, ಬುಡವನ್ನು ಕಡಿಯದೆ ತಿರುಗಿಸಿ, ಮೂಗಿನ ಜಾಗದಲ್ಲಿ ಕೂಡಿಸಿದನು. ಇಂಗ್ಲಿಷ್ ಡಾಕ್ಟರರಿಬ್ಬರು ನಿಂತು ನೋಡಿದರು. ಲಂಡನ್ನಿನ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಈ ವಿಧಾನವನ್ನೇ ಅನುಸರಿಸಿ ಹೊಸ ಮೂಗನ್ನು ಮಾಡಿದ್ದು 1814ರಲ್ಲಿ. ರೋಗಾಣುವೆಂಬ ಮಾತೇ ಹುಟ್ಟದ ಆ ಕಾಲದಲ್ಲಿ ಕಾವಸಜಿಯ ಮೂಗು ಕೊಳೆಯಲಿಲ್ಲ.

ಏಕೆ ಕೊಳೆಯಲಿಲ್ಲ? ಇಟ್ಟಿಗೆಯವನ ಕೈಗುಣವೊಂದು, ಇನ್ನೊಂದು ಮುಖದ ರಕ್ತ. ತಲೆ ಮೋರೆಗಳ ತೊಗಲಿಗೆ ರಕ್ತವು ಧಾರಾಳವಾಗಿ ಬರುವದು. ರೋಗಾಣುಗಳೊಡನೆ ಕಾದಾಡುವ ದಂಡು ಬರುವದು ರಕ್ತದ ದಾರಿಯಿಂದಲೇ ಆದದ್ದರಿಂದ ರಕ್ತ ಹೆಚ್ಚಾಗಿ ಹರಿಯುವಲ್ಲಿ ಗಾಯವು ಬೇಗನೆ ಕೂಡುವದು, ಕೀವು ವಿರಳ. ಮೊಣಕಾಲಿನ ಕೆಳಗೆ ಇದರ ವಿರುದ್ಧ. ಅಲ್ಲಿ ರಕ್ತವು ಹೃದಯಕ್ಕೆ ಮರಳಿ ಏರಲು ಹೆಣಗುವದು, ಕಾಲು ಬಾಯುವದು, ಹೊಲಿಗೆಯು ತಡವಾಗಿ ಮಾಯುವದು. ಇಳಕಲ್ಲಿನ ಕುಣಿಮಗ್ಗದ ನೇಕಾರನ ಸ್ಥಿತಿಯನ್ನು ನೆನೆಯಬೇಕು. ಅವನ ಸೊಂಟದ ಮೇಲಿನ ದೇಹವು ನೆಲದ ಮೇಲೆ. ಕಾಲುಗಳು ಬೆಳಗಿನಿಂದ ಸಂಜೆಯ ವರೆಗೆ ಕುಣಿಯೊಳಗೆ ಇಳಿಬಿದ್ದು ತುಳಿಯುತ್ತಿರುವವು. ಅವನ ಭುಜದ ಮೇಲಿನ ಕೊಬ್ಬಿನ ಗಡ್ಡೆಯನ್ನು ತೆಗೆದರೆ ಚಿಂತೆಯಿಲ್ಲ. ಅದೇ ಗಡ್ಡೆಯು ಕಣಕಾಲಿನ ಮೇಲಿದ್ದರೆ ಡಾಕ್ಟರರು ಎರಡು ಸಲ ಯೋಚಿಸುವರು. ಯೋಚಿಸಿ ಗುಳಿಗೆ ಬರೆದರೂ ಬರೆಯದಿದ್ದರೂ ಮೊದಲು ಹೇಳುವ ಮಾತು ಒಂದೇ: ಹದಿನೈದು ದಿನ ಮಗ್ಗಕ್ಕೆ ಇಳಿಯಬೇಡ, ಕಾಲನ್ನು ಎತ್ತರಕ್ಕೆ ಇಟ್ಟುಕೋ. ಗುಳಿಗೆಯನ್ನು ನುಂಗಲು ನೇಕಾರನು ಸಿದ್ಧನಿದ್ದಾನೆ. ಮಗ್ಗ ಬಿಡಲು ಸಿದ್ಧನಿಲ್ಲ, ಬಿಟ್ಟರೆ ಆ ವಾರದ ಸಂತೆಯಿಲ್ಲ. ಹೀಗೆ ಎಷ್ಟೋ ಮನೆಗಳಲ್ಲಿ ವಿಶ್ರಾಂತಿಯ ಸ್ಥಾನದಲ್ಲಿ ಗುಳಿಗೆಯು ಕುಳಿತಿರುವದು. ಅದಕ್ಕೆ ಅರಿವುಗೇಡಿತನವೆಂದು ಹೆಸರಿಡುವದು ತಪ್ಪು.

ಈಗ ವಿಷಯದ ತಿರುಳಿಗೆ ಬರಬೇಕು. ರೋಗವಾದ ಮೇಲೆ ಕೊಡುವ ಔಷಧವು ಬೇರೆ, ರೋಗವಾಗದಿರಲೆಂದು ಕೊಡುವ ಔಷಧವು ಬೇರೆ. ಎರಡಕ್ಕೂ ಗುಳಿಗೆಯು ಒಂದೇ ಆದರೂ ವೇಳೆಯು ಒಂದೇ ಅಲ್ಲ. ಅಮೇರಿಕೆಯ ಜಾನ್ ಬರ್ಕ್ ಎಂಬ ಶಸ್ತ್ರವೈದ್ಯನು ಗಿನಿ ಹಂದಿಗಳ ತೊಗಲಿನಲ್ಲಿ ರೋಗಾಣುಗಳನ್ನು ಚುಚ್ಚಿ ಮಾಡಿದ ಪ್ರಯೋಗಗಳನ್ನು 1961ರಲ್ಲಿ ಪ್ರಕಟಿಸಿದನು. ರೋಗಾಣುವು ಒಳಸೇರುವ ಮೊದಲೇ ರಕ್ತದಲ್ಲಿ ಔಷಧವಿದ್ದರೆ ಬಾವು ಅತ್ಯಲ್ಪವಾಗುತ್ತಿತ್ತು. ತಡವಾದಷ್ಟೂ ಗುಣವು ಕಡಿಮೆಯಾಗುತ್ತಿತ್ತು. ಮೂರು ತಾಸು ಕಳೆದ ಮೇಲೆ ಕೊಟ್ಟರೆ ಕೊಡದಿದ್ದಂತೆಯೇ ಸರಿ. ಮುಂದೆ 1992ರಲ್ಲಿ ಕ್ಲಾಸನ್ ಮತ್ತು ಅವನ ಸಂಗಡಿಗರು 2,847 ರೋಗಿಗಳ ಲೆಕ್ಕವನ್ನು ಪ್ರಕಟಿಸಿದರು. ಕೊಯ್ಯುವದಕ್ಕೆ ಮುಂಚಿನ ಎರಡು ತಾಸಿನೊಳಗೆ ಔಷಧ ಪಡೆದವರಲ್ಲಿ ಗಾಯವು ಕೆಟ್ಟದ್ದು ನೂರಕ್ಕೆ 0.6, ಅದಕ್ಕಿಂತ ಬಹಳ ಮೊದಲೇ ಪಡೆದವರಲ್ಲಿ 3.8, ಕೊಯ್ದು ಮೂರು ತಾಸು ದಾಟಿದ ಮೇಲೆ ಪಡೆದವರಲ್ಲಿ 3.3. ಇವು ತೊಗಲಿನವಷ್ಟೇ ಅಲ್ಲ, ಹಲವು ಬಗೆಯ ಶಸ್ತ್ರಕ್ರಿಯೆಗಳವು. ಆದರೆ ಅರ್ಥವು ಎಲ್ಲಕ್ಕೂ ಸಲ್ಲುತ್ತದೆ. ಚಾಕು ತೊಗಲನ್ನು ತೆರೆಯುವ ಗಳಿಗೆಗೆ ಔಷಧವು ಆ ತೊಗಲಿನಲ್ಲಿ ಆಗಲೇ ಬಂದು ಕಾಯುತ್ತಿರಬೇಕು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೇನು ಫಲ? ಪಲ್ಲವರ ನರಸಿಂಹವರ್ಮನು 642ರಲ್ಲಿ ವಾತಾಪಿಯನ್ನು ಹಿಡಿದದ್ದನ್ನು ಬಲ್ಲ ಬಾದಾಮಿಯವರಿಗಾದರೂ ಈ ಗಾದೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಿವಿಯ ಹಾಲೆಯನ್ನು ಹೊಲಿಸಿಕೊಂಡ ಮುದುಕಿಯ ಮಗನು ಔಷಧದಂಗಡಿಯಲ್ಲಿ ಕಟ್ಟಿಸಿಕೊಂಡ ಗುಳಿಗೆಗಳ ಗತಿಯನ್ನು ಈ ಬೆಳಕಿನಲ್ಲಿ ನೋಡಬಹುದು. ಮೊದಲನೆಯ ಗುಳಿಗೆಯು ಹೊಟ್ಟೆಗೆ ಬೀಳುವದು ರಾತ್ರಿಯ ಊಟವಾದ ಮೇಲೆ. ಅಷ್ಟರೊಳಗೆ ಹೊಲಿಗೆ ಹಾಕಿ ಏಳೆಂಟು ತಾಸು ಸರಿದಿರುವವು. ಉಳಿದ ನಾಲ್ಕು ದಿನಗಳ ಗುಳಿಗೆಗಳಂತೂ ಜಾತ್ರೆ ಮುಗಿದ ಮೇಲೆ ಹೊರಟ ಬಂಡಿಗಳು. ಜಾಗತಿಕ ಆರೋಗ್ಯ ಸಂಸ್ಥೆಯು 2016ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿದೆ: ರೋಗವನ್ನು ತಡೆಯಲೆಂದು ಕೊಡುವ ಪ್ರತಿಜೈವಿಕವನ್ನು ಅವಶ್ಯವಿದ್ದಲ್ಲಿ ಕೊಯ್ಯುವ ಮೊದಲು ಕೊಡಬೇಕು, ಶಸ್ತ್ರಕ್ರಿಯೆಯು ಮುಗಿದ ಮೇಲೆ ಮುಂದುವರಿಸಬಾರದು. ದೊಡ್ಡ ಶಸ್ತ್ರಕ್ರಿಯೆಗೇ ಈ ಮಾತು ಸಲ್ಲುವಾಗ ಕಿವಿಯ ನಾಲ್ಕು ಹೊಲಿಗೆಗೆ ಐದು ದಿನದ ಗುಳಿಗೆ ಯಾವ ಶಾಸ್ತ್ರದ್ದು?

ಸ್ವಚ್ಛವಾದ ತೊಗಲನ್ನು ಸ್ವಚ್ಛವಾಗಿ ಕೊಯ್ದು ಹೊಲಿದಲ್ಲಿ ಕೀವಾಗುವದು ಸಾಮಾನ್ಯವಾಗಿ ನೂರಕ್ಕೆ ಐದರೊಳಗೆ, ಒಳ್ಳೆಯ ಕೈಗಳಲ್ಲಿ ಒಂದೆರಡು. ಆ ಒಂದೆರಡನ್ನು ತಡೆಯಲು ನೂರು ಜನರಿಗೂ ಔಷಧ ಕೊಡುವದು ಲಾಭದ ವ್ಯಾಪಾರವಲ್ಲ. ಹಾಗೆಂದು ಎಂದಿಗೂ ಬೇಡವೆಂಬ ಹಟವೂ ಸಲ್ಲದು. ಮೊಣಕಾಲಿನ ಕೆಳಗೆ, ತೊಡೆಯ ಸಂದಿಯಲ್ಲಿ, ತುಟಿ ಕಿವಿಗಳ ಪೂರ್ತಿ ದಪ್ಪವನ್ನು ಕೊಯ್ದು ತೆಗೆದಲ್ಲಿ, ಮೂಗಿನ ಮೇಲೆ ತೊಗಲನ್ನು ತಿರುಗಿಸಿ ಕೂಡಿಸಿದಲ್ಲಿ, ಬೇರೆಡೆಯ ತೊಗಲನ್ನು ತಂದು ಹಚ್ಚಿದಲ್ಲಿ ವೈದ್ಯರು ಮುಂಗಡವಾಗಿ ಒಂದು ಸಲದ ಔಷಧವನ್ನು ಕೊಡುವದುಂಟು. ಕಾವಸಜಿಯು ಇಂದು ಬಂದಿದ್ದರೆ ಅವನಿಗೂ ಒಂದು ಗುಟುಕು ದೊರೆಯುತ್ತಿತ್ತು! ಹೃದಯದಲ್ಲಿ ಕೃತಕ ಕವಾಟವಿದ್ದವರ ಮಾತು ಬೇರೆ. ಅವರೊಳಗೂ ಯಾರಿಗೆ ಬೇಕು ಎಂಬದನ್ನು ಅಮೇರಿಕೆಯ ಹೃದ್ರೋಗ ಸಂಘವು 2007ರಲ್ಲಿ ಬಹಳ ಇಕ್ಕಟ್ಟು ಮಾಡಿತು. ಮಧುಮೇಹವಿದ್ದವರ ವಿಷಯದಲ್ಲಿ ಡಾಕ್ಟರರ ವಿವೇಚನೆಯೇ ಪ್ರಮಾಣ. ಇವೆಲ್ಲ ಅವರು ತೂಗಿ ನೋಡತಕ್ಕ ಸಂಗತಿಗಳು, ಅಂಗಡಿಯ ಕಟ್ಟೆಯ ಮೇಲೆ ತೀರ್ಮಾನಿಸತಕ್ಕವಲ್ಲ. ಡಾಕ್ಟರರು ಕೊಟ್ಟ ಔಷಧವನ್ನು ಇಂಥ ಲೇಖನವೊಂದನ್ನು ಓದಿ ಬಿಟ್ಟುಬಿಡುವದೂ ಅಷ್ಟೇ ಅವಿವೇಕ.

ಬಾದಾಮಿಯ ಮಂಗಗಳ ಮಾತನ್ನು ಇಲ್ಲಿ ಹೇಳದಿದ್ದರೆ ಆಗದು. ಮೇಣಬಸದಿಗಳ ಮೆಟ್ಟಲೇರುವ ಪ್ರವಾಸಿಗಳ ಕೈಯೊಳಗಿನ ಬಾಳೆಹಣ್ಣಿಗೆ ಅವು ಕೈ ಹಾಕುವವು. ಹಣ್ಣನ್ನು ಬಿಡದವರ ಕೈಗೆ ಬಾಯಿ ಹಾಕುವವು. ಮಂಗ ಕಚ್ಚಿದ ಗಾಯವು ಕಿವಿಯ ಹೊಲಿಗೆಯಂಥದಲ್ಲ. ಹಲ್ಲಿನೊಡನೆ ರೋಗಾಣುಗಳು ಆಳಕ್ಕೆ ಇಳಿದಿರುವವು; ಕೊಳ್ಳೆಯು ಆಗಲೇ ಆಗಿದೆ. ಅಲ್ಲಿ, ಅದರಲ್ಲಿಯೂ ಕೈಯ ಗಾಯಕ್ಕೆ, ಪ್ರತಿಜೈವಿಕವನ್ನು ಕೊಡುವದು ಯುಕ್ತ. ಆದರೆ ವಿಪರ್ಯಾಸವೆಂದರೆ ಕಚ್ಚಿಸಿಕೊಂಡವನು ಗುಳಿಗೆ ನುಂಗಿ ನಿಶ್ಚಿಂತನಾಗುವನು. ಮುಖ್ಯವಾದದ್ದು ಗುಳಿಗೆಯೇ ಅಲ್ಲ. ಹದಿನೈದು ಮಿನಿಟು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಬೇಕು. ಕೂಡಲೆ ರೇಬಿಸ್ ರೋಗದ ಲಸಿಕೆಯನ್ನು, ಗಾಯವು ಆಳವಾಗಿದ್ದರೆ ಅದರ ಜೊತೆಗಿನ ಪ್ರತಿವಿಷವನ್ನು ಪಡೆಯಬೇಕು. ಆ ರೋಗದ ವಿಷಾಣುವಿಗೆ ಯಾವ ಪ್ರತಿಜೈವಿಕವೂ ತಾಗುವದಿಲ್ಲ. ಇಳಕಲ್ಲಿನ ಕೆಂಪು ಕಲ್ಲಿನ ಗಣಿಗಳಲ್ಲಿ ಚಕ್ಕೆ ಸಿಡಿದು ಆದ ಗಾಯದ ನ್ಯಾಯವೂ ಇಂಥದೇ: ಮೊದಲು ನೀರು, ಧೂಳನ್ನೂ ಹರಳನ್ನೂ ಪೂರ್ತಿ ತೆಗೆಯುವದು, ಧನುರ್ವಾತದ ಸೂಜಿ, ಗುಳಿಗೆಯು ಇವುಗಳ ಹಿಂದೆ. ಹೊಲಸು ಗಾಯಕ್ಕೆ ಬೇಕಾದ ಔಷಧವನ್ನು ಸ್ವಚ್ಛ ಗಾಯಕ್ಕೆ ಸುರಿದು, ಹೊಲಸು ಗಾಯಕ್ಕೆ ಬೇಕಾದ ನೀರನ್ನು ಮರೆಯುವದು ಈ ಕಾಲದ ರೂಢಿಯಾಗಿದೆ.

ಇನ್ನು ಡಾಕ್ಟರರ ಕಡೆಯ ಮಾತು. ಬೇಡವೆಂದು ಬಲ್ಲವರೂ ಏಕೆ ಬರೆಯುವರು? ಬಾಗಲಕೋಟೆಯು 1997ರಲ್ಲಿ ಜಿಲ್ಲೆಯಾಯಿತು. ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯವು 2002ರಲ್ಲಿ ಪ್ರಾರಂಭವಾಯಿತು. ಶಿವಯೋಗಮಂದಿರವನ್ನು ಕಟ್ಟಿದ ಹಾನಗಲ್ಲ ಕುಮಾರಸ್ವಾಮಿಗಳ ಹೆಸರಿನ ದೊಡ್ಡ ಆಸ್ಪತ್ರೆಯು ಅದರ ಜೊತೆಗಿದೆ. ಅಂಥಲ್ಲಿ ರೋಗಿಯನ್ನು ಮರುದಿನ ಮತ್ತೆ ನೋಡುವ ಅನುಕೂಲವುಂಟು. ಹುನಗುಂದದ ಕಡೆಯ ಹಳ್ಳಿಯೊಂದರಿಂದ ಎರಡು ಬಸ್ಸು ಬದಲಿಸಿ ಬಂದವನು ಮಾತ್ರ ಮೂರನೆಯ ದಿನ ಗಾಯ ತೋರಿಸಲು ಬರುವನೆಂದು ಯಾವ ಡಾಕ್ಟರರೂ ನಂಬಲಾರರು. ಚಿಕ್ಕ ಊರಿನಲ್ಲಿ ಒಂದು ಹೊಲಿಗೆಯು ಕೆಟ್ಟರೆ ಒಂದು ಹೆಸರೇ ಕೆಡುವದು. ನೂರು ಹೊಲಿಗೆಗಳು ನೆಟ್ಟಗಾದದ್ದನ್ನು ಯಾರೂ ಆಡರು. "ಗುಳಿಗಿ ಕೊಡಲಿಲ್ಲ, ಅದಕ್ಕ ಕೀವಾತು" ಎಂಬ ಮಾತಿಗೆ ಉತ್ತರವಿಲ್ಲ. ಬರೆದು ಕೊಟ್ಟರೆ ಎಲ್ಲರಿಗೂ ಸಮಾಧಾನ. ಗುಳಿಗೆಯ ಪರವಾಗಿ ಹೇಳಬಹುದಾದ ವಾದಗಳೊಳಗೆ ಇದೇ ಬಲವಾದದ್ದೆಂದು ಒಪ್ಪಬೇಕು. ಆದರೆ ದೂರಕ್ಕೆ ಮದ್ದು ಗುಳಿಗೆಯಲ್ಲ, ಬಿಡಿಸಿ ಹೇಳಿದ ಮಾತು. ಕೆಂಪು ದಿನದಿಂದ ದಿನಕ್ಕೆ ಹರಡಿದರೆ, ಮೂರನೆಯ ದಿನಕ್ಕೆ ಇಳಿಯಬೇಕಾದ ನೋವು ಏರಿದರೆ, ಕೀವು ಸೋರಿದರೆ, ಜ್ವರ ಬಂದರೆ ಬರಬೇಕು. ಇಲ್ಲವಾದರೆ ಹೊಲಿಗೆ ಬಿಚ್ಚುವ ದಿನ ಬಂದರೆ ಸಾಕು. ಇದನ್ನು ಹೇಳಲು ಬೇಕಾಗುವದು ಎರಡು ಮಿನಿಟು. ಗುಳಿಗೆ ಬರೆಯಲು ಸಾಕಾಗುವದು ಹತ್ತು ಸೆಕೆಂದು. ಹೊರಗೆ ಅರವತ್ತು ಜನರು ಸರತಿಯಲ್ಲಿ ಕುಳಿತಿರುವಾಗ ಯಾವದು ಗೆಲ್ಲುವದೆಂಬದನ್ನು ಹೇಳಬೇಕೆ? ಈಗಂತೂ ಹಳ್ಳಿಯಿಂದಲೇ ಗಾಯದ ಚಿತ್ರವನ್ನು ಮೊಬೈಲಿನಲ್ಲಿ ಕಳಿಸಬಹುದಾಗಿದೆ. ಗುಳಿಗೆಯ ಬದಲು ಒಂದು ಫೋನ್ ನಂಬರನ್ನು ಚೀಟಿಯ ಮೇಲೆ ಬರೆಯುವ ಡಾಕ್ಟರರೂ ಇದ್ದಾರೆ. ಅವರ ಸಂಖ್ಯೆಯು ಬೆಳೆಯಲಿ.

"ಬೇಡವಾದರೆ ಬೇಡ, ತಕ್ಕೊಂಡರೆ ಕೇಡೇನು?" ಎಂಬ ಪ್ರಶ್ನೆಯು ಉಳಿಯಿತು. ಭೇದಿ, ಮೈಮೇಲೆ ದದ್ದು, ಅಪರೂಪಕ್ಕೆ ಉಸಿರು ಕಟ್ಟುವ ಅಲರ್ಜಿ: ಇವು ನುಂಗಿದವನ ಮೈಗೆ ತಟ್ಟುವ ಕೇಡುಗಳು. ನುಂಗದವರ ಮೈಗೆ ತಟ್ಟುವ ಕೇಡು ಇವಕ್ಕಿಂತ ದೊಡ್ಡದು. ಪೆನಿಸಿಲಿನ್ನನ್ನು 1928ರಲ್ಲಿ ಕಂಡುಹಿಡಿದ ಅಲೆಕ್ಸಾಂಡರ ಫ್ಲೆಮಿಂಗನೇ 1945ರ ನೊಬೆಲ್ ಉಪನ್ಯಾಸದಲ್ಲಿ ಒಂದು ದೃಷ್ಟಾಂತವನ್ನು ಕೊಟ್ಟನು. ಒಬ್ಬ ಗೃಹಸ್ಥನು ಗಂಟಲು ನೋವಿಗೆ ತಾನಾಗಿಯೇ ಪೆನಿಸಿಲಿನ್ನನ್ನು ಕೊಂಡು ಅರೆಬರೆ ತೆಗೆದುಕೊಳ್ಳುವನು. ರೋಗಾಣುಗಳು ಸಾಯದೆ ಔಷಧಕ್ಕೆ ಒಗ್ಗಿಕೊಳ್ಳುವವು. ಅವನಿಂದ ಅವು ಹೆಂಡತಿಗೆ ಹತ್ತಿ ಅವಳಿಗೆ ನ್ಯೂಮೋನಿಯಾ ಆಗುವದು. ಔಷಧವು ನಾಟದೆ ಅವಳು ಸಾಯುವಳು. ನುಂಗಿದವನು ಒಬ್ಬ, ಸತ್ತವಳು ಇನ್ನೊಬ್ಬಳು. ತೊಗಲಿನ ಮೇಲೆಯೇ ವಾಸಿಸಿ ಹೊಲಿಗೆಗಳನ್ನು ಕೆಡಿಸುವ ಸ್ಟೆಫಿಲೊಕಾಕಸ್ ರೋಗಾಣುವು 1940ರ ದಶಕವು ಮುಗಿಯುವಷ್ಟರಲ್ಲಿ ದೊಡ್ಡ ಆಸ್ಪತ್ರೆಗಳಲ್ಲಿ ಪೆನಿಸಿಲಿನ್ನಿಗೆ ಬಗ್ಗದಾಗಿತ್ತು. ಅದಕ್ಕಾಗಿ ಮೆಥಿಸಿಲಿನ್ನನ್ನು ತಂದರು. 1961ರಲ್ಲಿಯೇ ಅದಕ್ಕೂ ಬಗ್ಗದ ತಳಿಯು ಇಂಗ್ಲಂಡಿನಲ್ಲಿ ಕಂಡಿತು. ಔಷಧಕ್ಕೆ ಬಗ್ಗದ ರೋಗಾಣುಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ ಜನರು ಸತ್ತರೆಂದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯು ಅಂದಾಜು ಮಾಡಿತು. ಕಿವಿಯ ಹೊಲಿಗೆಗೆ ನುಂಗಿದ ಗುಳಿಗೆಯ ಲೆಕ್ಕವು, ಎಷ್ಟೇ ಸಣ್ಣದಿರಲಿ, ಆ ಮೊತ್ತದೊಳಗೆ ಸೇರಿದೆ. ಅದರ ಬೆಲೆಯನ್ನು ಕೊಡುವದು ಹೊಲಿಸಿಕೊಂಡ ಮುದುಕಿಯಲ್ಲ; ದಿನ ತುಂಬದೆ ಹುಟ್ಟಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿರುವ ಕೂಸು, ರಕ್ತಕ್ಕೆ ನಂಜೇರಿದ ಬಾಣಂತಿ. ಊರಿಗೊಂದೇ ಕೆರೆ ಇದ್ದಲ್ಲಿ ಅಂಗಳ ತೊಳೆಯಲು ತುಂಬಿದ ಕೊಡವೂ ಕುಡಿಯುವ ನೀರಿನ ಕೊಡವೇ.

ಸರಕಾರವು ಸುಮ್ಮನೆ ಕುಳಿತಿಲ್ಲ. ಕೆಲವು ಪ್ರತಿಜೈವಿಕಗಳನ್ನು ಮಾರುವಾಗ ಬರೆದ ವೈದ್ಯರ ಹೆಸರನ್ನೂ ರೋಗಿಯ ಹೆಸರನ್ನೂ ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕೆಂಬ ಎಚ್ 1 ಅನುಸೂಚಿಯ ನಿಯಮವು 2014ರಿಂದ ಜಾರಿಯಲ್ಲಿದೆ. ಚೀಟಿಯಿಲ್ಲದೆ ಕೊಳ್ಳಬಾರದ ಗುಳಿಗೆಗಳ ಪಟ್ಟಿಯ ಮೇಲಿನ ಕೆಂಪು ಗೆರೆಯನ್ನು ಗುರುತಿಸಿರೆಂದು ಕೇಂದ್ರ ಆರೋಗ್ಯ ಇಲಾಖೆಯು 2016ರಲ್ಲಿ ಪ್ರಚಾರವನ್ನು ಕೈಕೊಂಡಿತು. ಗೆರೆಯು ಕೆಂಪಗೆ ಇದ್ದೇ ಇದೆ. ಅದನ್ನು ನೋಡುವ ಕಣ್ಣು ಮನೆಗಳಲ್ಲಿ ಹುಟ್ಟಬೇಕು.

ಮನೆಗಳಲ್ಲಿ ಮಾಡತಕ್ಕ ಕೆಲಸವು ಬಹಳ ಇದೆ, ಗುಳಿಗೆಗಿಂತ ಫಲವುಳ್ಳದ್ದು. ಶಸ್ತ್ರಕ್ರಿಯೆಯ ಹಿಂದಿನ ದಿನ ಸಾಬೂನು ಹಚ್ಚಿ ಮೀಯುವದು. ಕೊಯ್ಯುವ ಜಾಗದ ಕೂದಲನ್ನು ಮನೆಯಲ್ಲಿಯೇ ಕತ್ತಿಯಿಂದ ಬೋಳಿಸಿಕೊಂಡು ಬರದಿರುವದು, ಏಕೆಂದರೆ ಕತ್ತಿಯ ಕಣ್ಣಿಗೆ ಕಾಣದ ಗೀರುಗಳೇ ರೋಗಾಣುಗಳಿಗೆ ಬಾಗಿಲು. ತಂಬಾಕು ಬಿಡುವದು, ತಂಬಾಕಿನ ಹೊಗೆಯಿಂದ ತೊಗಲಿನ ರಕ್ತನಾಳಗಳು ಮುದುಡುವವು. ಮಧುಮೇಹವಿದ್ದವರು ಸಕ್ಕರೆಯನ್ನು ಹಿಡಿತದಲ್ಲಿಡುವದು. ಹೊಲಿಗೆಯ ಮೇಲೆ ಅರಿಶಿನ, ಸುಣ್ಣ, ಒಲೆಯ ಬೂದಿಗಳನ್ನು ಹಚ್ಚಬಾರದು. ಅರಿಶಿನಕ್ಕೆ ಅಡಿಗೆಮನೆಯಲ್ಲಿಯೂ ದೇವರ ಮನೆಯಲ್ಲಿಯೂ ಗೌರವವಿದೆ. ಡಬ್ಬಿಯೊಳಗಿನ ಪುಡಿಯು ರೋಗಾಣುರಹಿತವಾಗಿರುವದೆಂಬ ಭರವಸೆಯನ್ನು ಮಾತ್ರ ಯಾವ ಗೃಹಿಣಿಯೂ ಕೊಡಲಾರಳು. ಪ್ರತಿಜೈವಿಕದ ಮುಲಾಮಾದರೂ ಹಚ್ಚಬೇಡವೆ ಎಂದರೆ, ಅದಕ್ಕೂ ಅಮೇರಿಕೆಯಲ್ಲಿ ಉತ್ತರವನ್ನು ಹುಡುಕಿದ್ದಾರೆ. ತೊಗಲಿನ ಶಸ್ತ್ರಕ್ರಿಯೆಯಾದ 922 ಜನರೊಳಗೆ ಕೆಲವರಿಗೆ ಬ್ಯಾಸಿಟ್ರಾಸಿನ್ ಮುಲಾಮನ್ನೂ ಉಳಿದವರಿಗೆ ಬರೀ ಬಿಳಿಯ ವ್ಯಾಸಲೀನನ್ನೂ ಹಚ್ಚಿ 1996ರಲ್ಲಿ ಫಲವನ್ನು ಪ್ರಕಟಿಸಿದರು. ಕೀವಿನಲ್ಲಿ ಗಣನೆಗೆ ಬರುವ ಭೇದವು ಕಾಣಲಿಲ್ಲ; ಮುಲಾಮು ಹಚ್ಚಿಕೊಂಡವರೊಳಗೆ ನಾಲ್ವರಿಗೆ ಅದರಿಂದಲೇ ತುರಿಕೆಯ ಅಲರ್ಜಿಯು ಗಂಟು ಬಿತ್ತು.

ಇನ್ನುಳಿದದ್ದು ಹೊಲಿಯುವವರ ಕೈ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆಳೆ ಕೊಂಡಿ ಹಾಕಿ ಕೂಡಿಸುವರು. ಕೊಂಡಿಯನ್ನು ಬಿಗಿದರೆ ಎಳೆ ಕಡಿಯುವದು, ಸಡಿಲು ಬಿಟ್ಟರೆ ಸೆರಗು ಜೋತು ಬೀಳುವದು. ತೊಗಲಿನ ಹೊಲಿಗೆಗೂ ಇದೇ ಹದ. ಬಿಗಿಯಾದ ಹೊಲಿಗೆಯು ರಕ್ತವನ್ನು ತಡೆದು ಅಂಚನ್ನು ಸಾಯಿಸುವದು, ಸತ್ತ ಅಂಚಿನಲ್ಲಿ ಕೀವು ಹುಟ್ಟುವದು. ತೊಳೆದ ಕೈ, ಕುದಿಸಿ ಶುದ್ಧ ಮಾಡಿದ ಹತಾರ, ಮೆಲ್ಲನೆ ಹಿಡಿದ ತೊಗಲು, ಒಳಗೆ ರಕ್ತ ನಿಲ್ಲದಂತೆ ಮುಚ್ಚಿದ ಗಾಯ: ಇವಿಷ್ಟಿದ್ದಲ್ಲಿ ಗುಳಿಗೆಗೆ ಕೆಲಸವಿಲ್ಲ, ಇವಿಲ್ಲದಲ್ಲಿ ಗುಳಿಗೆಯಿಂದ ಕೆಲಸವಾಗದು.

ಇಳಕಲ್ಲಿನ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆಯನ್ನು ಹೆಗಲಿಗೇರಿಸಿ ಮನೆಮನೆಗೆ ಹೊರಟರು. ಅವರು ಬೇಡಿದ್ದು ಕಾಳನ್ನಲ್ಲ, ಕಾಸನ್ನಲ್ಲ. ಕುಡಿತವನ್ನು, ಬೀಡಿಯನ್ನು, ತಂಬಾಕನ್ನು ಜೋಳಿಗೆಗೆ ಹಾಕಿರೆಂದು ಬೇಡಿದರು. ಜನರು ಹಾಕಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನೆಯ ದಿನವನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ವ್ಯಸನವು ಬಿಡುವದು ನಿರ್ಬಂಧದಿಂದಲ್ಲ, ಬಾಗಿಲಿಗೆ ಬಂದು ನಿಂತು ಬೇಡಿದವರ ಮೇಲಿನ ಗೌರವದಿಂದ ಎಂಬದನ್ನು ಆ ಜೋಳಿಗೆಯು ಈ ಸೀಮೆಗೆ ತೋರಿಸಿಕೊಟ್ಟಿದೆ. ಬೇಡದ ಗುಳಿಗೆಯನ್ನು ಬೇಡುವ ಹವ್ಯಾಸವು ಕುಡಿತದಷ್ಟು ಕೆಟ್ಟದ್ದಲ್ಲ, ನಿಜ. ಆದರೆ ಅದು ಸಭ್ಯರ ಮನೆಗಳಲ್ಲಿಯೇ ಹೆಚ್ಚು, ಓದು ಬಲ್ಲವರಲ್ಲಿಯೇ ಹೆಚ್ಚು. ಹೆಸರು ಹೇಳಿ ಅಂಗಡಿಯಲ್ಲಿ ಗುಳಿಗೆ ಕೇಳುವವರು ಅಕ್ಷರ ಬಾರದವರಲ್ಲ.

ಈ ಮನೆಗಳ ಗೋಡೆಯ ಮಾಡದಲ್ಲಿ, ದೀಪದ ಎಣ್ಣೆಯ ಬಾಟಲಿಯ ಹಿಂದೆ, ತಗಡಿನ ಡಬ್ಬಿಯೊಂದು ಇರುವದು. ಅದರೊಳಗೆ ಹೋದ ವರುಷದ ಕೆಮ್ಮಿನವು ಮೂರು, ಅಳಿಯನ ಹಲ್ಲು ಕೀಳಿಸಿದಾಗಿನವು ಎರಡು, ಯಾರದೋ ಕಾಲಿನ ಹುಣ್ಣಿನವು ನಾಲ್ಕು. ಹೆಸರಿದ್ದ ಕಡೆಗೇ ಕತ್ತರಿ ಬಿದ್ದ ಬೆಳ್ಳಿಯ ಬಣ್ಣದ ತುಂಡುಗಳು. ಹಬ್ಬಕ್ಕೆ ಸುಣ್ಣ ಬಳಿಯುವಾಗ ಡಬ್ಬಿಯು ಕೆಳಗಿಳಿಯುವದು. ಬಾಗಲಕೋಟೆಯಲ್ಲಿ ನರ್ಸಿಂಗ್ ಓದುವ ಮೊಮ್ಮಗಳು ರಜೆಗೆ ಬಂದಿದ್ದರೆ ಅದನ್ನು ತೆರೆದು ನೋಡಿ, "ಆಯೀ, ಇವು ಯಾವುದರ ಗುಳಿಗಿ?" ಎಂದು ಕೇಳುವಳು. ಮುದುಕಿಯು ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಮುಚ್ಚಳವನ್ನು ಸೆರಗಿನಿಂದ ಒರೆಸಿ, "ಯಾವಾಗಿನ್ವೋ ಏನೋ, ಇರ್ಲಿ ಬಿಡವಾ, ಯಾವಾಗರ ಬೇಕಾಗ್ತಾವು" ಎನ್ನುವಳು.